3 ಸೆಕೆಂಡಿನ ಮದುವೆ ಜಗಳ

ಒಂದೂಕಾಲು ಗಂಟೆ ಮೀರಿದ ಚಿತ್ರ. ಜಗಳ ಹುಟ್ಟಿದ್ದು 3 ಸೆಕೆಂಡಿಗೆ.

ಬೆಂಗಳೂರಿನಲ್ಲಿ ಹುಟ್ಟಿ, ಉಪೇಂದ್ರರ ‘ಸೂಪರ್’ ಚಿತ್ರದಿಂದ ಕನ್ನಡಿಗರಿಗೂ ಪರಿಚಿತರಾದ ನಯನತಾರಾ 2022ರ ಜೂನ್ 9ರಂದು ಚೆನ್ನೈ ಸಮೀಪದ ಮಹಾಬಲಿಪುರದಲ್ಲಿ ನಿರ್ದೇಶಕ ವಿಘ್ನೇಶ್ ಶಿವನ್ ಅವರ ಕೈಹಿಡಿದರು. ಆ ಮದುವೆಯ ಸುತ್ತ ಹೆಣೆದ ‘ನಯನತಾರಾ: ಬಿಯಾಂಡ್ ದಿ ಫೇರಿಟೇಲ್’ ನೆಟ್‌ಫ್ಲಿಕ್ಸಿಗೆ ಬಂದದ್ದು 2024ರ ನವೆಂಬರ್ 18ಕ್ಕೆ. ಊಟದ ಎಲೆ ಎತ್ತಿ ಎರಡು ವರ್ಷ ಕಳೆದ ಮೇಲೆ!

ಇಬ್ಬರ ಪ್ರೀತಿ ಮೊಳೆತದ್ದು 2015ರ ‘ನಾನುಂ ರೌಡಿದಾನ್’ ಸೆಟ್ಟಿನಲ್ಲಿ. ಕಥೆ ಹೇಳಬೇಕೆಂದರೆ ಆ ಸೆಟ್ಟು ತೋರಿಸಲೇಬೇಕು. ಆದರೆ ಚಿತ್ರದ ನಿರ್ಮಾಪಕ ಧನುಷ್. ಅನುಮತಿಗಾಗಿ ಎರಡು ವರ್ಷ ಕಾದೆವು, ಸಿಗಲಿಲ್ಲ, ಕೊನೆಗೆ ಚಿತ್ರವನ್ನೇ ಮತ್ತೆ ಎಡಿಟ್ ಮಾಡಿದೆವು ಎಂಬುದು ನಯನತಾರಾ ದೂರು. ಟ್ರೇಲರಿನಲ್ಲಿ ಆ ಸೆಟ್ಟಿನ 3 ಸೆಕೆಂಡಿನ ತುಣುಕು ಕಂಡದ್ದೇ ತಡ, 10 ಕೋಟಿ ರೂಪಾಯಿ ಕೇಳಿ ನೋಟಿಸು ಬಂತು. ನವೆಂಬರ್ 16ರಂದು ಆಕೆ ಬಹಿರಂಗ ಪತ್ರ ಬರೆದರು: ಅದು ನಮ್ಮದೇ ಮೊಬೈಲಿನಲ್ಲಿ ತೆಗೆದದ್ದು, ಸಿನಿಮಾದ್ದಲ್ಲ. ಸೆಟ್ಟಿನಲ್ಲಿ ಚಿತ್ರೀಕರಿಸಿದ್ದೆಲ್ಲ ನಿರ್ಮಾಪಕನದೇ ಎಂಬುದು ಎದುರು ಪಕ್ಷದ ವಾದ. ಧನುಷ್ ಅವರ ವಂಡರ್‌ಬಾರ್ ಸಂಸ್ಥೆ ಮದರಾಸ್ ಹೈಕೋರ್ಟಿನ ಮೆಟ್ಟಿಲೇರಿತು. ದಾವೆಯನ್ನೇ ತಳ್ಳಿಹಾಕಿ ಎಂಬ ನೆಟ್‌ಫ್ಲಿಕ್ಸ್ ಕಡೆಯವರ ಕೋರಿಕೆಯನ್ನು 2025ರ ಜನವರಿಯಲ್ಲಿ ನ್ಯಾಯಾಲಯ ಒಪ್ಪಲಿಲ್ಲ.

ಯಾರ ಕಡೆ ಸರಿ ಎಂಬುದನ್ನು ವಕೀಲರಿಗೆ ಬಿಡೋಣ. ನನಗೆ ಕುತೂಹಲ ಬೇರೆ. ಅಷ್ಟೆಲ್ಲ ಹೂವು, ಗಾಜಿನ ಮಂಟಪ, ತಾರೆಯರ ದಂಡು ಇದ್ದ ಚಿತ್ರದಲ್ಲಿ ಜಗಳಕ್ಕೆ ಬಿದ್ದದ್ದು, ಮದುವೆಯ ಯೋಚನೆಯೂ ಇಲ್ಲದ ಕಾಲದಲ್ಲಿ ಯಾರೋ ಸುಮ್ಮನೆ ತೆಗೆದ ತುಣುಕು.

ಮದುವೆ ವಿಡಿಯೊ ಇಲ್ಲಿಗೆ ಬಂದು ಮುಟ್ಟಿದ ದಾರಿ ಉದ್ದದ್ದು. 1982ರಲ್ಲಿ ಏಷ್ಯನ್ ಗೇಮ್ಸ್ ನೆಪದಲ್ಲಿ ಬಣ್ಣದ ಟಿ.ವಿ. ಬಂತು, ಹಿಂದೆಯೇ ವಿ.ಸಿ.ಆರ್., ಅದರ ಹಿಂದೆ ಕಲ್ಯಾಣ ಮಂಟಪಕ್ಕೆ ವಿಡಿಯೊದವರು. ಮದರಾಸಿನಲ್ಲೂ ಮಲ್ಲೇಶ್ವರದಲ್ಲೂ ಒಂದೇ ದೃಶ್ಯ: ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ, ಎಲ್ಲರ ಕಾಲಿಗೂ ತೊಡರುವ ವೈರು. ವೇದಿಕೆಗೆ ಸಾಲಾಗಿ ಬಂದು ಮುಯ್ಯಿ ಕವರು ಕೊಟ್ಟವರೆಲ್ಲ ಕ್ಯಾಸೆಟ್ಟಿನಲ್ಲಿ ಇದ್ದರು. ಪಂಕ್ತಿಯಲ್ಲಿ ಹುಳಿ ಕಲಸುತ್ತಿದ್ದ ಸೋದರಮಾವನೂ ಇದ್ದ. ಮೂರು ಗಂಟೆ ಕೂತು ನೋಡುವುದು ಶಿಕ್ಷೆಯೇ ಸರಿ. ಆದರೂ ಅದು ಹಾಜರಿ ಪುಸ್ತಕ. ಯಾರು ಬಂದರು, ಯಾರು ಮುನಿಸಿಕೊಂಡು ಬರಲಿಲ್ಲ ಎಂಬುದಕ್ಕೆ ದಾಖಲೆ. ನಡುವೆ ತಾವರೆ ಅರಳಿ ಅದರೊಳಗೆ ವಧೂವರರ ಮುಖ ಮೂಡುತ್ತಿತ್ತು, ಇಳೆಯರಾಜಾ ಹಾಡು ತೇಲಿಬರುತ್ತಿತ್ತು. ಅದನ್ನು ನಿಜವೆಂದು ಯಾರೂ ನಂಬುತ್ತಿರಲಿಲ್ಲ.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಲೆಕ್ಕ ಬದಲಾಯಿತು. ಫೋಟೊ ಕ್ಯಾಮೆರಾದಲ್ಲೇ ಸಿನಿಮಾದಂಥ ವಿಡಿಯೊ, ಹಿನ್ನೆಲೆಯೆಲ್ಲ ಮಸುಕು. ಆ ಮಸುಕಿನಲ್ಲಿ ಕರಗಿಹೋದವರು ನೆಂಟರು. ಈಗ ಸುಳ್ಳು ತಾವರೆಯಲ್ಲಿಲ್ಲ, ಎಡಿಟಿಂಗಿನಲ್ಲಿದೆ. ಬೆಳಗಿನ ಏಳಕ್ಕೆ ಹೋಮದ ಹೊಗೆಗೆ ತಾಯಿಯ ಕಣ್ಣಲ್ಲಿ ಬಂದ ನೀರನ್ನು ಹತ್ತು ಗಂಟೆಯ ಮಾಂಗಲ್ಯಧಾರಣೆಗೆ ಅಂಟಿಸಬಹುದು. ನೋಡಿದವರು ಅಳುತ್ತಾರೆ, ಆ ತಾಯಿಯೂ ತಾನು ಆಗಲೇ ಅತ್ತೆನೆಂದು ನಂಬಿಬಿಡುತ್ತಾಳೆ.

ಹಾಗೆಂದು, ಎಲ್ಲವನ್ನೂ ಚಿತ್ರದಲ್ಲಿ ಹಿಡಿದರೆ ಸತ್ಯ ಸಿಕ್ಕೀತೇ? 1995ರ ಸೆಪ್ಟೆಂಬರ್ 7ರಂದು ಚೆನ್ನೈನಲ್ಲಿ ಜಯಲಲಿತಾ ಸಾಕುಮಗ ಸುಧಾಕರನ್ ಮದುವೆ ಶಿವಾಜಿ ಗಣೇಶನ್ ಮೊಮ್ಮಗಳ ಜೊತೆ ನಡೆಯಿತು. ಕ್ಯಾಮೆರಾಗಳಿಗೇನೂ ಬರವಿರಲಿಲ್ಲ. ಅದರ ಖರ್ಚಿನ ಲೆಕ್ಕ ಜಯಲಲಿತಾ ವಿರುದ್ಧದ ಅಕ್ರಮ ಆಸ್ತಿ ಮೊಕದ್ದಮೆಯ ಭಾಗವಾಗಿ ನಮ್ಮ ಬೆಂಗಳೂರಿಗೇ ಬಂತು. ಪ್ರಾಸಿಕ್ಯೂಷನ್ ಹೇಳಿದ್ದು 6.45 ಕೋಟಿ. 2014ರಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಲೆಕ್ಕಕ್ಕೆ ಹಿಡಿದದ್ದು 3 ಕೋಟಿ. ಮರುವರ್ಷ ಕರ್ನಾಟಕ ಹೈಕೋರ್ಟು ಸುಮಾರು 28 ಲಕ್ಷಕ್ಕೆ ಇಳಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಕುನ್ಹಾ ತೀರ್ಪನ್ನೇ ಎತ್ತಿಹಿಡಿಯಿತು. ಊರೆಲ್ಲ ನೋಡಿದ ಚಪ್ಪರ. ಅದಕ್ಕೆ ತೆತ್ತದ್ದೆಷ್ಟು, ತೆತ್ತವರಾರು ಎಂದು ಯಾವ ಚಿತ್ರವೂ ಹೇಳಲಿಲ್ಲ.

ಕಾನೂನು ಮಾತ್ರ ಮದುವೆಮನೆಯ ಮೇಲೆ ಕೊಂಚ ಮೃದು. ದಿಬ್ಬಣ, ಮದುವೆ ಸಮಾರಂಭದಲ್ಲಿ ನುಡಿಸಿದ ಹಾಡಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದೇ ಹಾಡನ್ನು ಅಂಟಿಸಿ ಯೂಟ್ಯೂಬಿಗೆ ಏರಿಸಿದರೆ ಆ ರಕ್ಷೆ ಒದಗದು. ಇನ್ನು 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿದ ಫೋಟೊ, ಚಿತ್ರಕ್ಕೆ ಮಾಡಿಸಿದವರೇ ಮೊದಲ ಒಡೆಯರು. ಸ್ಟುಡಿಯೊದವರು ಇನ್‌ಸ್ಟಾಗ್ರಾಮಿಗೆ ಹಾಕಿಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಸೇರಿಸುವುದು ಅದಕ್ಕೇ. ಸಹಿ ಹಾಕುವ ಹೊತ್ತಿಗೆ ಹೆಣ್ಣಿನ ತಂದೆ ಅಡುಗೆಯವರ ಜೊತೆ ಎಲೆಯ ಲೆಕ್ಕದಲ್ಲಿರುತ್ತಾರೆ, ಓದುವವರಾರು?

ದಾಖಲೆ ಬೇಕೋ ಭಾವನೆ ಬೇಕೋ ಎಂಬ ತಕರಾರನ್ನು ಮಾರುಕಟ್ಟೆ ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಚೆನ್ನೈ ಇರಲಿ, ಬೆಂಗಳೂರಿರಲಿ, ಪ್ಯಾಕೇಜಿನಲ್ಲಿ ಎರಡು ತಂಡ: ‘ಟ್ರೆಡಿಷನಲ್’, ‘ಕ್ಯಾಂಡಿಡ್’. ಮೊದಲಿನವರು ವಿಧಿಗಳನ್ನು ಕ್ರಮವಾಗಿ ಹಿಡಿಯಬೇಕು, ಎರಡನೆಯವರು ಭಾವನೆಯನ್ನು. ದರ ಹೆಚ್ಚು ಕ್ಯಾಂಡಿಡ್‌ನವರಿಗೆ. ಗಟ್ಟಿಮೇಳ ಮೊಳಗುವ ಹೊತ್ತಿಗೆ ಎರಡೂ ತಂಡದವರು ಮಂಟಪದ ಮುಂದೆ ಭುಜಕ್ಕೆ ಭುಜ ಕೊಟ್ಟು ನೂಕಾಡುತ್ತಾರೆ. ಹಿಂದಿನ ಸಾಲಿನ ಅಜ್ಜಿಯರಿಗೆ ಕಾಣುವುದು ಕ್ಯಾಮೆರಾದವರ ಬೆನ್ನು.