ಐಡಾ ಲುಪಿನೊ: ನಟನೆಯಿಂದ ನಿರ್ದೇಶನಕ್ಕೆ

ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ನಟಿಯರ ಯೋಗ್ಯತೆಯನ್ನು ತೆರೆಯ ಮೇಲೆ ಕಂಡಷ್ಟರಿಂದಲೇ ಅಳೆಯುವುದು ವಾಡಿಕೆ. ಈ ಅಳತೆಗೆ ಒಳಪಡದ ವೃತ್ತಿಜೀವನಗಳೂ ಉಂಟು. ಅಮೆರಿಕದ ಐಡಾ ಲುಪಿನೊಳದು ಅಂಥದು. 1940ರ ದಶಕದಲ್ಲಿ ನಟಿಯೆಂದು ಹೆಸರಾದ ಈಕೆ, 1949ರಿಂದ ಮುಂದೆ ನಿರ್ದೇಶಕಿಯಾಗಿ ಚಿತ್ರರಂಗದಲ್ಲಿಯೂ ದೂರದರ್ಶನದಲ್ಲಿಯೂ ದುಡಿದಳು. ಈ ಮಾರ್ಪಾಟು ಹೇಗೆ ಸಾಧ್ಯವಾಯಿತು, ಅದರ ಫಲವು ಬಹುಕಾಲ ವಿದ್ವಾಂಸರ ಗಮನಕ್ಕೆ ಏಕೆ ಬಾರದೆ ಹೋಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಲುಪಿನೊ ಹುಟ್ಟಿದುದು 1918ರಲ್ಲಿ, ಲಂಡನ್ನಿನಲ್ಲಿ. ತಂದೆ ಸ್ಟ್ಯಾನ್ಲಿ ಲುಪಿನೊ ಪ್ರಸಿದ್ಧ ಹಾಸ್ಯನಟ, ತಾಯಿಯೂ ನಟಿ, ಮನೆತನವೇ ತಲೆಮಾರುಗಳಿಂದ ರಂಗಭೂಮಿಯನ್ನು ನಂಬಿ ಬಾಳಿದುದು. ಹದಿನೈದರ ಹರೆಯದಲ್ಲಿ ಹಾಲಿವುಡ್ಡಿಗೆ ಬಂದ ಈಕೆಗೆ 1934ರಲ್ಲಿ ಪೋಲಿಯೋ ತಗುಲಿತು. ಗುಣವಾಯಿತಾದರೂ ದೇಹವನ್ನೇ ನಂಬಿದ ವೃತ್ತಿಯು ಎಷ್ಟು ಅಸ್ಥಿರವೆಂಬುದು ಆಗಲೇ ಆಕೆಗೆ ಮನವರಿಕೆಯಾಗಿರಬೇಕು. ಕೆಲವು ವರ್ಷ ಹಗುರವಾದ ಪಾತ್ರಗಳಲ್ಲಿ ಕಳೆದ ಮೇಲೆ, ಕಿಪ್ಲಿಂಗನ ಕಾದಂಬರಿಯನ್ನು ಆಧರಿಸಿದ 'ದಿ ಲೈಟ್ ದಟ್ ಫೇಲ್ಡ್' (1939) ಚಿತ್ರದಲ್ಲಿ ಆಕೆಯ ನಿಜವಾದ ಶಕ್ತಿ ಹೊರಬಿದ್ದಿತು. ಅಲ್ಲಿಂದ ವಾರ್ನರ್ ಸಂಸ್ಥೆಯ 'ದೆ ಡ್ರೈವ್ ಬೈ ನೈಟ್' (1940), 'ಹೈ ಸಿಯೆರಾ' (1941) ಚಿತ್ರಗಳು ಬಂದವು. 'ದಿ ಹಾರ್ಡ್ ವೇ' (1943) ಚಿತ್ರದ ಅಭಿನಯಕ್ಕೆ ನ್ಯೂಯಾರ್ಕಿನ ಚಿತ್ರವಿಮರ್ಶಕರ ಪ್ರಶಸ್ತಿ ದೊರೆಯಿತು.

ಅಂದಿನ ಚಿತ್ರಸಂಸ್ಥೆಗಳ ಕರಾರಿನ ಸ್ವರೂಪವನ್ನು ಇಲ್ಲಿ ತಿಳಿಯುವುದು ಅವಶ್ಯ. ಕರಾರಿಗೆ ಒಳಪಟ್ಟ ನಟಿಯು ಸಂಸ್ಥೆ ಕೊಟ್ಟ ಪಾತ್ರವನ್ನು ಒಪ್ಪಬೇಕು, ಒಲ್ಲೆನೆಂದರೆ ಅಮಾನತು. ಆ ಅವಧಿಯಲ್ಲಿ ಸಂಬಳವಿಲ್ಲ. ಬೇರೆ ಸಂಸ್ಥೆಯ ಚಿತ್ರದಲ್ಲಿ ನಟಿಸುವ ಸ್ವಾತಂತ್ರ್ಯವೂ ಇಲ್ಲ. ಹಿಡಿಸದ ಪಾತ್ರಗಳನ್ನು ನಿರಾಕರಿಸಿ ಲುಪಿನೊ ಈ ಶಿಕ್ಷೆಯನ್ನು ಅನುಭವಿಸಿದಳು. ಆದರೆ ಶಿಕ್ಷೆಯ ಕಾಲವನ್ನು ಆಕೆ ಶಿಕ್ಷಣದ ಕಾಲವನ್ನಾಗಿ ಮಾಡಿಕೊಂಡುದು ಗಮನಾರ್ಹ. ನಿರ್ದೇಶಕರು ದೃಶ್ಯವನ್ನು ಹೇಗೆ ವಿಂಗಡಿಸುತ್ತಾರೆ, ಛಾಯಾಗ್ರಾಹಕನು ಬೆಳಕನ್ನು ಹೇಗೆ ಹೊಂದಿಸುತ್ತಾನೆ, ಸಂಕಲನದಲ್ಲಿ ಏನು ಉಳಿದು ಏನು ಹೋಗುತ್ತದೆ ಎಂಬುದನ್ನು ಬಳಿಯಲ್ಲಿದ್ದು ಕಲಿತಳು. 1947ರಲ್ಲಿ ವಾರ್ನರ್ ಸಂಸ್ಥೆಯಿಂದ ಹೊರಬಂದು, ಮರುವರ್ಷ ಅಮೆರಿಕದ ಪೌರತ್ವವನ್ನು ಪಡೆದಳು. ಅನಂತರ ಪತಿ ಕಾಲಿಯರ್ ಯಂಗ್‌ನೊಡನೆ ಸ್ವತಂತ್ರ ಚಿತ್ರನಿರ್ಮಾಣಕ್ಕೆ ಇಳಿದಳು.

ನಿರ್ದೇಶನದ ಅವಕಾಶ ಬಂದುದು ಆಕಸ್ಮಿಕವಾಗಿ. ಅವಿವಾಹಿತ ತಾಯಿಯೊಬ್ಬಳ ಕಥೆಯಾದ 'ನಾಟ್ ವಾಂಟೆಡ್' (1949) ಚಿತ್ರೀಕರಣದ ಆರಂಭದಲ್ಲಿಯೇ ನಿರ್ದೇಶಕ ಎಲ್ಮರ್ ಕ್ಲಿಫ್ಟನ್ ಹೃದ್ರೋಗಕ್ಕೆ ತುತ್ತಾದನು. ಚಿತ್ರವನ್ನು ಮುಗಿಸಿದವಳು ಲುಪಿನೊ. ಆದರೆ ನಿರ್ದೇಶಕನೆಂದು ತೆರೆಯ ಮೇಲೆ ಉಳಿದುದು ಕ್ಲಿಫ್ಟನ್ನನ ಹೆಸರೇ. ಮುಂದಿನ 'ನೆವರ್ ಫಿಯರ್' ಚಿತ್ರಕ್ಕೆ ಪೋಲಿಯೋ ಬಡಿದ ನರ್ತಕಿಯೊಬ್ಬಳನ್ನು ನಾಯಿಕೆಯಾಗಿ ಆರಿಸಿಕೊಂಡಳು. ಸ್ವಂತ ಅನುಭವದ ಕಾವು ಇಲ್ಲಿ ವಸ್ತುವಾಯಿತೆಂದರೆ ತಪ್ಪಾಗಲಾರದು.

'ಔಟ್‌ರೇಜ್' (1950) ಚಿತ್ರದ ವಸ್ತು ಅತ್ಯಾಚಾರಕ್ಕೆ ಗುರಿಯಾದ ತರುಣಿಯ ಬಾಳು. ಅಂದಿನ ಹಾಲಿವುಡ್ಡಿನ ನಿರ್ಮಾಣ ಸಂಹಿತೆಯ ಕಟ್ಟುಪಾಡಿನಲ್ಲಿ ಆ ಶಬ್ದವನ್ನು ಉಚ್ಚರಿಸುವಂತಿರಲಿಲ್ಲ. ಲುಪಿನೊ ಹಿಡಿದ ದಾರಿಯನ್ನು ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಧ್ವನಿಮಾರ್ಗವೆಂದು ಕರೆಯಬಹುದು. ನಿರ್ಜನವಾದ ಬೀದಿಗಳು, ಅಡಗಲು ತಾವಿಲ್ಲದೆ ಓಡುವ ತರುಣಿ, ಎಡೆಬಿಡದೆ ಕೂಗುವ ಲಾರಿಯ ಹಾರ್ನು: ಇಷ್ಟರಿಂದಲೇ ಪ್ರೇಕ್ಷಕನಿಗೆ ಎಲ್ಲವೂ ತಿಳಿಯುತ್ತದೆ. ಆಕೆಯ ಮುಖ್ಯ ಕಾಳಜಿ ಕೃತ್ಯದ ಅನಂತರದ ಸ್ಥಿತಿ. ನೆರೆಹೊರೆಯವರ ನೋಟ, ಕಚೇರಿಯ ಸಾಮಾನ್ಯ ಸದ್ದುಗಳು ಕೂಡ ನೊಂದವಳಿಗೆ ಹೇಗೆ ಅಸಹನೀಯವಾಗುತ್ತವೆ ಎಂಬುದನ್ನು ಚಿತ್ರವು ತೋರಿಸುತ್ತದೆ.

ಆದರೆ ಆಕೆಯ ಪ್ರತಿಭೆ ಸ್ತ್ರೀಸಮಸ್ಯೆಗಳಿಗಷ್ಟೇ ಸೀಮಿತವೆಂದು ಭಾವಿಸುವುದು ಸರಿಯಲ್ಲ. 'ದಿ ಹಿಚ್-ಹೈಕರ್' (1953) ಚಿತ್ರದಲ್ಲಿ ಪ್ರಧಾನವಾದ ಸ್ತ್ರೀಪಾತ್ರವೇ ಇಲ್ಲ. ನಡೆದ ಕೊಲೆಗಳ ಪ್ರಕರಣವೊಂದನ್ನು ಆಧರಿಸಿದ ಈ ಕಥೆಯಲ್ಲಿ, ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ದಾರಿಯಲ್ಲಿ ಕಾರಿಗೆ ಹತ್ತಿಸಿಕೊಂಡ ಕೊಲೆಗಾರನ ಸೆರೆಯಾಳುಗಳಾಗುತ್ತಾರೆ. ಅವನ ಒಂದು ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ಆದ್ದರಿಂದ ಅವನು ಮಲಗಿರುವನೋ ಎಚ್ಚತ್ತಿರುವನೋ ಸೆರೆಯಾಳುಗಳಿಗೆ ತಿಳಿಯದು. ಈ ಒಂದು ಸಂಗತಿಯಿಂದ ಭಯಾನಕವನ್ನು ಸಾಧಿಸಿದ ಬಗೆ ಮೆಚ್ಚತಕ್ಕುದು. ಅದೇ ವರ್ಷದ 'ದಿ ಬಿಗಮಿಸ್ಟ್' ಚಿತ್ರದಲ್ಲಿ ತಾನೇ ನಟಿಸಿ ತಾನೇ ನಿರ್ದೇಶಿಸಿದಳು. ಇಬ್ಬರು ಹೆಂಡಿರ ಗಂಡನನ್ನು ಖಳನೆಂದು ತೆಗೆದುಹಾಕದೆ ಮೂವರ ಸಂಕಟವನ್ನೂ ಸಮಚಿತ್ತದಿಂದ ಚಿತ್ರಿಸಿದಳು.

ಈ ವೇಳೆಗೆ ಆಕೆಯ ಸಂಸ್ಥೆ ಚಿತ್ರಗಳ ವಿತರಣೆಯನ್ನೂ ತಾನೇ ವಹಿಸಿಕೊಂಡು ಸೋತಿತು. ಚಿತ್ರವನ್ನು ನಿರ್ಮಿಸುವುದು ಬೇರೆ, ಅದನ್ನು ಚಿತ್ರಮಂದಿರಗಳಿಗೆ ಮುಟ್ಟಿಸುವುದು ಬೇರೆ. ಎರಡನೆಯದಕ್ಕೆ ಬೇಕಾದ ಬಂಡವಾಳ ಸಣ್ಣ ಸಂಸ್ಥೆಗೆ ಇರಲಿಲ್ಲ. ಲುಪಿನೊ ದೂರದರ್ಶನದತ್ತ ತಿರುಗಿದಳು. 'ಫೋರ್ ಸ್ಟಾರ್ ಪ್ಲೇಹೌಸ್' ಎಂಬ ಕಥಾಮಾಲೆಯಲ್ಲಿ ನಾಲ್ಕನೆಯ ತಾರೆಯಾಗಿ ಸೇರಿದಳಾದರೂ, ಉಳಿದ ಮೂವರು ನಟರಿಗಿದ್ದ ಒಡೆತನದ ಪಾಲು ಆಕೆಗೆ ಇರಲಿಲ್ಲ. ಮೂರನೆಯ ಪತಿ ಹೊವಾರ್ಡ್ ಡಫ್‌ನೊಡನೆ 'ಮಿಸ್ಟರ್ ಆಡಮ್ಸ್ ಅಂಡ್ ಈವ್' (1957–58) ಹಾಸ್ಯಮಾಲೆಯಲ್ಲಿ ನಟಿಸಿದಳು. ಅದರೊಂದಿಗೇ ಪಶ್ಚಿಮ ಸೀಮೆಯ ಸಾಹಸಕಥೆ, ಪತ್ತೇದಾರಿ, ಭಯಾನಕ, ಹಾಸ್ಯ ಮೊದಲಾದ ಹಲವು ಜಾತಿಯ ಕಂತುಗಳನ್ನು ನಿರ್ದೇಶಿಸಿದಳು. 'ದಿ ಟ್ವೈಲೈಟ್ ಝೋನ್' ಮಾಲೆಯ 1959ರ ಒಂದು ಕಂತಿನಲ್ಲಿ ಆಕೆಯ ಪಾತ್ರವು ತನ್ನ ಹಳೆಯ ಚಿತ್ರಗಳನ್ನೇ ನೋಡುತ್ತ ಕಾಲಕಳೆಯುವ, ತಾರುಣ್ಯ ಸಂದ ತಾರೆಯದು. ಅದೇ ಮಾಲೆಯ 1964ರ 'ದಿ ಮಾಸ್ಕ್ಸ್' ಕಂತಿಗೆ ಆಕೆಯೇ ನಿರ್ದೇಶಕಿ. ಆ ಮೂಲಮಾಲೆಯಲ್ಲಿ ನಿರ್ದೇಶನ ಮಾಡಿದ ಮಹಿಳೆ ಆಕೆಯೊಬ್ಬಳೇ. ತಾನು ಅಭಿನಯಿಸಿದ ಆ ತಾರೆಯ ಗತಿ ತನಗೆ ಬಾರದಂತೆ ಆಕೆ ನೋಡಿಕೊಂಡಿದ್ದಳು.

ಹೀಗಿದ್ದೂ ಆಕೆಯ ನಿರ್ದೇಶನ ಬಹುಕಾಲ ಮರೆಯಲ್ಲಿ ಉಳಿದುದೇಕೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಕಡಮೆ ವೆಚ್ಚದ ಚಿತ್ರಗಳನ್ನು ವಿಮರ್ಶೆಯು ಲಘುವಾಗಿ ಎಣಿಸಿತು. ಎರಡನೆಯದಾಗಿ, ದೂರದರ್ಶನದ ಪ್ರೇಕ್ಷಕನು ಮಾಲೆಯ ಹೆಸರನ್ನೂ ನಟರ ಮುಖವನ್ನೂ ನೆನೆಯುತ್ತಾನೆ. ವಾರವಾರಕ್ಕೆ ಬದಲಾಗುವ ನಿರ್ದೇಶಕನನ್ನಲ್ಲ. ಚಿತ್ರೀಕರಣದ ತಾಣದಲ್ಲಿ ಆಕೆಯ ಕುರ್ಚಿಯ ಬೆನ್ನಿನ ಮೇಲೆ 'ನಮ್ಮೆಲ್ಲರ ತಾಯಿ' ಎಂಬರ್ಥದ ಮಾತನ್ನು ಬರೆಸಲಾಗಿತ್ತು. ಪುರುಷರೇ ತುಂಬಿದ ತಂಡದಿಂದ ಕೆಲಸ ತೆಗೆಯಲು ಆಜ್ಞೆಗಿಂತ ಈ ಬಗೆಯ ಸಲುಗೆಯೇ ಆಕೆಗೆ ಒದಗಿದ ಉಪಾಯ. ಅಧಿಕಾರವನ್ನು ಹೀಗೆ ಮರೆಮಾಡಿದುದರಿಂದ ಕೆಲಸ ಸಾಗಿತು, ಹೆಸರು ಹಿಂದುಳಿಯಿತು.

ಲುಪಿನೊ 1995ರಲ್ಲಿ ತೀರಿಕೊಂಡಳು. 1998ರಲ್ಲಿ 'ದಿ ಹಿಚ್-ಹೈಕರ್' ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ಸೇರಿತು. ಒಬ್ಬ ಕಲಾವಿದೆಯ ಬೆಲೆಯನ್ನು ನಿರ್ಣಯಿಸುವಾಗ ತೆರೆಯ ಮೇಲಿನ ಮುಖದ ಜೊತೆಗೆ ತೆರೆಯ ಹಿಂದಿನ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಆಕೆಯ ಬಾಳು ನಿದರ್ಶನ. ಚಲಚ್ಚಿತ್ರವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಆಕೆಯ ಚಿತ್ರಗಳಿಂದಲೇ ಈ ಪರೀಕ್ಷೆಯನ್ನು ಆರಂಭಿಸಬಹುದು.