‘ಮುಟ್ಟಿರಲಿ ದೇವ್ರೇ’: ಫ್ರೆಂಚಿನ ಕಷ್ಟದ ಪಾಠ ನಮ್ಮ ಅವ್ವನ ಬಾಯಲ್ಲೇ ಅದ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಚಡಚಣದಿಂದ ಮಾತಾಡ್ತಾ ಇದ್ದೀನಿ. ಇವತ್ತು ವ್ಯಾಕರಣ. ಹೆಸರು ಕೇಳಿ ಸಂಚಿಕೆ ಬಂದ್ ಮಾಡಬ್ಯಾಡ್ರಿ, ಹತ್ತು ನಿಮಿಷದ ಮಾತು.

ಮನಿ ಮಗ ಸಂಜಿ ಬಸ್ಸಿಗೆ ಸೋಲಾಪುರಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿದು ಪುಣೆಗೆ ಹೋಗ್ಯಾನ ಅನ್ಕೋರಿ. ಮುಂಜಾನಿ ಆಯ್ತು, ಫೋನ್ ಹತ್ತವಲ್ದು. ಅವ್ವ ಏನಂತಾಳ? “ಸುಖವಾಗಿ ಮುಟ್ಟಿರಲಿ ದೇವ್ರೇ.”

ಈ ಮಾತನ್ನ ಸ್ವಲ್ಪ ಬಿಡಿಸಿ ನೋಡ್ರಿ. ‘ಮುಟ್ಟ್ಯಾನ’ ಅಂತ ಆಕಿ ಅನ್ನಲಿಲ್ಲ, ಯಾಕಂದ್ರ ಆಕಿಗೆ ಗೊತ್ತಿಲ್ಲ. ‘ಮುಟ್ಟಲಿ’ ಅಂತನೂ ಅನ್ನಲಿಲ್ಲ, ಯಾಕಂದ್ರ ಮುಟ್ಟೋ ಹೊತ್ತು ದಾಟಿ ಹೋಗ್ಯದ. ಕೆಲಸ ಮುಗಿದಿರಬೇಕಾದ ಹೊತ್ತು ಹಿಂದಿದೆ, ಅದರ ಬಗ್ಗೆ ಆಸೆ ಮಾತ್ರ ಈಗ ಇದೆ. ‘ಮುಟ್ಟಿರಲಿ’ ಅನ್ನೋ ಒಂದೇ ಪದದಲ್ಲಿ ಎರಡೂ ಬಂತು.

ಫ್ರೆಂಚಿನಲ್ಲಿ ಇದೇ ಮಾತು: “ಪುರ್ವ್ಯು ಕಿಲ್ ಸ್ವಾ ಆರಿವೇ.” ಇಲ್ಲಿರುವ ಕ್ರಿಯಾಪದದ ರೂಪಕ್ಕೆ ‘ಸುಬ್ಜೋಂಕ್ತೀಫ್ ಪಾಸೇ’ ಅಂತ ಹೆಸರು. ಇಂಗ್ಲಿಷ್ ಪಾಠಗಳಲ್ಲಿ ಇದನ್ನೇ ‘ಪಾಸ್ಟ್ ಸಬ್ಜಂಕ್ಟಿವ್’ ಅಂತಾರೆ. ಉಚ್ಚಾರ ಕನ್ನಡ ಅಕ್ಷರದಲ್ಲಿ ಪೂರ್ತಿ ಹಿಡಿಯೋದಿಲ್ಲ. ಓದೋದು ಇಲ್ಲಿ, ಕೇಳೋದು ಆಡಿಯೊದಲ್ಲಿ ಮಾಡ್ರಿ.

ಇಂಗ್ಲಿಷ್ ದಾರಿಯಲ್ಲಿ ನಾನು ಎಡವಿದ್ದು

ನಾನು ಬಿ.ಕಾಂ ಮುಗಿಸಿ ಮೊಬೈಲಿನಲ್ಲೇ ಫ್ರೆಂಚ್ ಕಲಿಯೋಕೆ ಕೂತಾಗ ಸಿಕ್ಕಿದ್ದೆಲ್ಲ ಇಂಗ್ಲಿಷ್ ಪಾಠಗಳೇ. ‘ಪಾಸ್ಟ್ ಸಬ್ಜಂಕ್ಟಿವ್’ ಅಂದ ಕೂಡಲೇ ನನ್ನ ತಲೆಗೆ ಬಂದಿದ್ದು ಇಂಗ್ಲಿಷಿನ ‘ಇಫ್ ಐ ವರ್’. ಅಂದ್ರೆ ‘ನಾನು ಹಾಗಿದ್ದಿದ್ರೆ’ ಅನ್ನೋ ಮಾತು. ಅದನ್ನೇ ಹಿಡಿದು ವಾರಗಟ್ಟಲೆ ತಪ್ಪು ವಾಕ್ಯ ಬರೆದೆ.

ಹೆಸರು ಒಂದೇ, ಸಾಮಾನು ಬೇರೆ. ಫ್ರೆಂಚಿನಲ್ಲಿ ‘ಸಿ’, ಅಂದ್ರೆ ನಮ್ಮ ‘-ದರೆ’, ಬಂದಾಗ ಈ ರೂಪ ಬಳಸೋದಿಲ್ಲ. ‘ನೀ ಬಂದಿದ್ರ’ ಅನ್ನೋಕೆ “ಸಿ ತ್ಯು ಎತೆ ವನ್ಯು” ಅಂತಾರೆ. ಅದು ಬೇರೆ ಕಾಲ, ಅದರ ಹೆಸರು ‘ಪ್ಲ್ಯುಸ್ ಕ ಪಾರ್ಫೆ’. ನಾವು ಕನ್ನಡದಲ್ಲೂ ‘ಬಂದಿದ್ರ’ ಮತ್ತು ‘ಬಂದಿರಲಿ’ ಎರಡನ್ನೂ ಬೇರೆಯಾಗೇ ಇಡ್ತೀವಿ. ಮೊದಲೇ ಕನ್ನಡದ ಕಡೆ ತಿರುಗಿ ನೋಡಿದ್ರೆ ನನಗೆ ಆ ಗೊಂದಲ ಆಗ್ತಿರಲಿಲ್ಲ.

ಕಟ್ಟೋದು ಹೇಗೆ?

‘ಬಂದಿರಲಿ’ ಅನ್ನೋದು ಎರಡು ತುಂಡು: ‘ಬಂದು’ ಮತ್ತು ‘ಇರಲಿ’. ಮುಗಿದ ಕೆಲಸವನ್ನ ‘ಬಂದು’ ಹೇಳುತ್ತದೆ, ಮನಸ್ಸಿನ ಭಾವವನ್ನ ‘ಇರಲಿ’ ಹೊರುತ್ತದೆ. ಭಾವ ಬದಲಾದ್ರೆ ಎರಡನೇ ತುಂಡಷ್ಟೇ ಬದಲಾಗುತ್ತದೆ: ಬಂದಿರಬಹುದು, ಬಂದಿರಬೇಕು, ಬಂದಿರಲಿ. ನಮ್ಮ ಗಡಿ ಊರುಗಳಲ್ಲಿ ಕಿವಿಗೆ ಬೀಳೋ ಮರಾಠಿಯಲ್ಲೂ ಇದೇ ಜೋಡಣೆ: “ತೋ ಆಲಾ ಅಸಾವಾ”, ಅವ ಬಂದಿರಬೇಕು.

ಫ್ರೆಂಚೂ ಹಂಗೇ. ಮುಗಿದ ಕೆಲಸ ಹೇಳೋ ಪದ ಒಂದು, ಅದರ ಮುಂದೆ ಭಾವ ಹೊರುವ ಸಹಾಯಕ ಕ್ರಿಯಾಪದ ಒಂದು. ಸಹಾಯಕಗಳು ಎರಡೇ: ‘ಆವ್ವಾರ್’ ಮತ್ತು ‘ಎತ್ರ್’. ಕಂಠಪಾಠ ಮಾಡಬೇಕಾದದ್ದು ಇವುಗಳ ಆರಾರು ರೂಪ ಮಾತ್ರ.

ಆವ್ವಾರ್: ಜೆ (ನಾನು), ತ್ಯು ಎ (ನೀನು), ಇಲ್ ಎ (ಅವನು), ನೂಜ಼ೆಯೋಂ (ನಾವು), ವೂಜ಼ೆಯೇ (ನೀವು), ಇಲ್‌ಜ಼ೆ (ಅವರು).

ಎತ್ರ್: ಜ ಸ್ವಾ, ತ್ಯು ಸ್ವಾ, ಇಲ್ ಸ್ವಾ, ನೂ ಸ್ವಾಯೋಂ, ವೂ ಸ್ವಾಯೇ, ಇಲ್ ಸ್ವಾ.

ಇವುಗಳ ಹಿಂದೆ ಕೆಲಸದ ಪದ ಹಚ್ಚಿದ್ರೆ ಮುಗೀತು. ‘ಫಿನಿ’ ಅಂದ್ರೆ ಮುಗಿಸಿದ್ದು, ‘ಪೇಯೇ’ ಅಂದ್ರೆ ರೊಕ್ಕ ಕೊಟ್ಟದ್ದು, ‘ವನ್ಯು’ ಅಂದ್ರೆ ಬಂದದ್ದು.

ಯಾವುದಕ್ಕೆ ಯಾವ ಸಹಾಯಕ? ಬಹುಪಾಲು ಕ್ರಿಯಾಪದಗಳಿಗೆ ಆವ್ವಾರ್. ಹೋಗು, ಬಾ, ಮುಟ್ಟು, ಹೊರಡು, ಹುಟ್ಟು, ಸಾಯಿ, ಉಳಿ ಮುಂತಾದ ಸುಮಾರು 15 ಕ್ರಿಯಾಪದಗಳಿಗೆ ಎತ್ರ್. ಏಳೋದು, ತೊಳ್ಕೊಳ್ಳೋದು ಥರ ತನ್ನ ಮೇಲೆ ತಾನೇ ಮಾಡ್ಕೊಳ್ಳೋ ಕ್ರಿಯೆಗಳಿಗೂ ಎತ್ರ್. ಎತ್ರ್ ಬಂದಾಗ ಕರ್ತೃ ಹೆಣ್ಣಾದ್ರೆ ಕೆಲಸದ ಪದದ ಕೊನೆಗೆ ‘ಇ’ ಅಕ್ಷರ, ಬಹುವಚನವಾದ್ರೆ ‘ಎಸ್’ ಸೇರಿಸಿ ಬರೀಬೇಕು. ‘ವನ್ಯು’ದಂಥ ಪದಗಳಲ್ಲಿ ಇದು ಕಿವಿಗೆ ಕೇಳೋದೇ ಇಲ್ಲ, ಹಾಗಾಗಿ ಬರೆಯೋ ಪರೀಕ್ಷೆಯಲ್ಲಿ ಎಲ್ಲರೂ ಮರೆಯೋದು ಇದನ್ನೇ.

ಯಾವಾಗ ಬಳಸೋದು?

ಮುಖ್ಯ ವಾಕ್ಯದಲ್ಲಿ ಆಸೆ, ಸಂಶಯ, ಖುಷಿ, ಬೇಸರ, ಒತ್ತಾಯ ಇದ್ದು, ‘ಕ’ (ನಮ್ಮ ‘ಅಂತ’ದ ಕೆಲಸ ಮಾಡೋ ಪದ) ಆದ ಮೇಲೆ ಇನ್ನೊಬ್ಬರ ಕೆಲಸ ಬಂದ್ರೆ ಸುಬ್ಜೋಂಕ್ತೀಫ್. ಆ ಕೆಲಸ ಮುಖ್ಯ ಕ್ರಿಯೆಗಿಂತ ಮೊದಲೇ ಮುಗಿದಿದ್ರೆ ‘ಪಾಸೇ’ ರೂಪ.

“ಜ ಸ್ವಿ ಕೋಂತಾಂ ಕ ತ್ಯು ವಿಯೆನ್.” ನೀ ಬರ್ತಿ ಅಂತ ಖುಷಿ. ಇನ್ನೂ ಬಂದಿಲ್ಲ.
“ಜ ಸ್ವಿ ಕೋಂತಾಂ ಕ ತ್ಯು ಸ್ವಾ ವನ್ಯು.” ನೀ ಬಂದಿದ್ದು ಖುಷಿ.
“ಜ ದೂತ್ ಕಿಲ್ ಎ ಪೇಯೇ.” ಅವ ರೊಕ್ಕ ಕೊಟ್ಟಾನೋ ಇಲ್ಲೋ, ನನಗ ಡೌಟು.
“ಬಿಯಾಂ ಕಿಲ್ ಎ ಪ್ಲ್ಯು.” ಮಳಿ ಆದ್ರೂ. ‘ಬಿಯಾಂ ಕ’ ಅಂದ್ರೆ ‘ಆದರೂ’, ಅದರ ಹಿಂದೆ ಯಾವಾಗಲೂ ಸುಬ್ಜೋಂಕ್ತೀಫ್.

‘ಪಾಸೇ’ ಅಂದ್ರೆ ನಿನ್ನೆ ಅಂತ ತಿಳ್ಕೋಬ್ಯಾಡ್ರಿ. ಕಾಮರ್ಸ್ ಓದಿದವರಿಗೆ ಗೊತ್ತಿರೋ ಮಾತು: “31 ಮಾರ್ಚ್ ಒಳಗ ಲೆಕ್ಕ ಮುಗಿಸಿರಬೇಕು.” ಆ ದಿನ ಇನ್ನೂ ಬಂದಿಲ್ಲ, ಆದರೂ ನಾವು ‘ಮುಗಿಸಿರ-’ ಅಂತೀವಿ. ಫ್ರೆಂಚಿನಲ್ಲೂ “ಇಲ್ ಫೋ ಕ ನೂಜ಼ೆಯೋಂ ಫಿನಿ.” ಗಡುವಿಗೆ ಮೊದಲು ಕೆಲಸ ಮುಗಿದಿರಬೇಕು, ಅಷ್ಟೇ ಅರ್ಥ.

ಕನ್ನಡ ಕೈ ಕೊಡೋ ಜಾಗಗಳು

ಕನ್ನಡ ಪೂರ್ತಿ ದಾಟಿಸೋದಿಲ್ಲ. ನಾಲ್ಕು ಕಡೆ ಎಚ್ಚರ ಇರಲಿ.

ಒಂದು, ‘-ಲಿ’ ಹೆಚ್ಚಾಗಿ ಅವನು, ಅವಳು, ಅದು, ಅವರು ಇದ್ದಾಗ ಬರೋದು. ‘ನೀ ಬಂದಿರಲಿ’ ಅಂತ ಯಾರೂ ಅನ್ನಲ್ಲ. ಫ್ರೆಂಚಿನಲ್ಲಿ ಆರೂ ಪುರುಷರೂಪಗಳಿಗೆ ಈ ರೂಪ ನಡೆಯುತ್ತದೆ.

ಎರಡು, ‘ಆಶಿಸ್ತೀನಿ’ ಅನ್ನೋ ‘ಜೆಸ್ಪೇರ್’ ಬಂದ್ರೆ ಸಾಮಾನ್ಯವಾಗಿ ಸುಬ್ಜೋಂಕ್ತೀಫ್ ಇಲ್ಲ. “ಜೆಸ್ಪೇರ್ ಕಿಲೆತ್ ಆರಿವೇ” ಅಂತ ಸಾದಾ ರೂಪವೇ. ಆಶಿಸುವವರು ಅದು ಆಗಿದೆ ಅಂತಲೇ ಎಣಿಸ್ತಾರೆ ಅನ್ನೋದು ಫ್ರೆಂಚ್ ಲೆಕ್ಕ. ಅವ್ವನ ಆತಂಕಕ್ಕೆ ‘ಪುರ್ವ್ಯು ಕ’ ಸರಿ, ಸಾದಾ ನಂಬಿಕೆಗೆ ‘ಜೆಸ್ಪೇರ್’.

ಮೂರು, ನಮ್ಮ ‘ಬಂದಿರಬೇಕು’ ಎರಡು ಅರ್ಥದ್ದು. “ಹತ್ತಕ್ಕೆಲ್ಲ ಬಂದಿರಬೇಕು” ಅಂದ್ರೆ ಆಜ್ಞೆ, ಅದಕ್ಕೆ ‘ಇಲ್ ಫೋ ಕ’. “ಗಾಡಿ ನಿಂತದ, ಅವ ಬಂದಿರಬೇಕು” ಅಂದ್ರೆ ಊಹೆ, ಅದಕ್ಕೆ “ಇಲ್ ಆ ದ್ಯು ವನೀರ್”. ಇಲ್ಲಿ ಸುಬ್ಜೋಂಕ್ತೀಫ್ ಬರೋದಿಲ್ಲ.

ನಾಲ್ಕು, ಎರಡೂ ಕೆಲಸ ಒಬ್ಬರದೇ ಆದ್ರೆ ‘ಕ’ ಬಿಟ್ಟುಬಿಡಿ. ‘ಹಂಗ ಅಂದಿದ್ದಕ್ಕ ನನಗ ಬೇಜಾರು’ ಅನ್ನೋಕೆ “ಜ ರಗ್ರೆತ್ ದಾವ್ವಾರ್ ದಿ ಸಾ” ಸಾಕು.

ಇನ್ನೂ ಒಂದು ಮಾತು. ಹಳೆಯ ಫ್ರೆಂಚ್ ಕಾದಂಬರಿ ತೆರೆದ್ರೆ ಸುಬ್ಜೋಂಕ್ತೀಫಿನ ಮತ್ತೆರಡು ಕಾಲಗಳು ಸಿಗುತ್ತವೆ. ಇವತ್ತಿನ ಮಾತಿನಲ್ಲಿ ಅವು ಉಳಿದಿಲ್ಲ. ಓದಿದಾಗ ಗುರುತು ಸಿಕ್ರೆ ಸಾಕು. ಆಡೋಕೆ ಬೇಕಾದವು ಪ್ರೆಸಾಂತ್ ಮತ್ತು ಪಾಸೇ, ಎರಡೇ.

ನಮಗ್ಯಾಕೆ ಇದು?

ನಮ್ಮ ರಾಜ್ಯದ ಪಿಯುಸಿಯಲ್ಲಿ ಆರಿಸ್ಕೊಳ್ಳಬಹುದಾದ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚೂ ಇದೆ. ಆದ್ರೆ ಫ್ರೆಂಚ್ ಅಂದ್ರೆ ಬೆಂಗಳೂರು, ಇಂಗ್ಲಿಷ್ ಮೀಡಿಯಂ, ಅಲಿಯಾನ್ಸ್ ಫ್ರಾನ್ಸೇಸ್ ಅನ್ನೋ ಭಾವನೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಹುಡುಗರಲ್ಲಿ ಗಟ್ಟಿಯಾಗಿ ಕೂತದ. ಫ್ರಾನ್ಸಿನಲ್ಲಿ ಓದಬೇಕು, ಕೆನಡಾದ ಕ್ವಿಬೆಕ್‌ಗೆ ಹೋಗಬೇಕು, ಕಂಪನಿಯ ಫ್ರೆಂಚ್ ಗಿರಾಕಿಗಳ ಜೊತೆ ಕೆಲಸ ಮಾಡಬೇಕು ಅನ್ನೋವರು ಬರೆಯೋ ಪರೀಕ್ಷೆಗಳಲ್ಲಿ ಡೆಲ್ಫ್ ಬಿ2 ಒಂದು. ಕೇಳೋದು, ಓದೋದು, ಬರೆಯೋದು, ಮಾತಾಡೋದು, ಪ್ರತಿಯೊಂದಕ್ಕೂ 25 ಅಂಕ. 100ಕ್ಕೆ 50 ಬಂದ್ರೆ ಪಾಸು, ಆದ್ರೆ ಯಾವ ವಿಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಆ ಮಟ್ಟದಲ್ಲಿ ನಿಮ್ಮ ಅಭಿಪ್ರಾಯ, ಸಂಶಯ, ಬೇಸರವನ್ನ ನೆಟ್ಟಗೆ ಹೇಳಬೇಕಾಗುತ್ತದೆ. ಆಗ ಈ ರೂಪ ಬೇಕೇ ಬೇಕು.

ಇಂಗ್ಲಿಷ್ ಬರಲ್ಲ ಅಂತ ಫ್ರೆಂಚ್ ಕೈಬಿಟ್ಟವರನ್ನ ನಾನು ನೋಡೀನಿ. ಈ ಪಾಠದ ಮಟ್ಟಿಗಂತೂ ಇಂಗ್ಲಿಷ್ ನಮಗೆ ಸಹಾಯ ಮಾಡೋದಕ್ಕಿಂತ ದಾರಿ ತಪ್ಪಿಸೋದೇ ಹೆಚ್ಚು. ಶಾಲೆಯಲ್ಲಿ ಓದಿದ ‘ವಿಧ್ಯರ್ಥಕ’, ‘ಸಂಭಾವನಾರ್ಥಕ’ ನೆನಪದಾವಲ್ಲ? ‘ಮಾಡಲಿ’, ‘ಬಂದಾನು’. ಆಗಿದ್ದನ್ನ ಆಗಿದೆ ಅನ್ನೋದು ಬೇರೆ, ಆಗಿರಲಿ ಅನ್ನೋದು ಬೇರೆ ಅಂತ ಆ ಪಾಠ ಓದೋಕೂ ಮೊದಲೇ ನಮಗೆ ಗೊತ್ತಿತ್ತು.

ಈ ವಾರದ ಕೆಲಸ ಇಷ್ಟೇ. ಮನಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಯಲ್ಲಿ ಯಾರಾದ್ರೂ ‘-ಇರಲಿ’, ‘-ಇರಬೇಕು’, ‘-ಇರಬಹುದು’ ಅಂದ್ರೆ ಮೊಬೈಲಿನಲ್ಲಿ ಬರಕೋರಿ. ಅಂಥ ಐದು ಮಾತು ಹಿಡೀರಿ. ಯಾವುದು ಆಸೆ, ಯಾವುದು ಆಜ್ಞೆ, ಯಾವುದು ಊಹೆ ಅಂತ ವಿಂಗಡಿಸಿ. ಆಮೇಲೆ ಫ್ರೆಂಚಿಗೆ ಇಳಿಸಿ ನೋಡ್ರಿ. ಹೊರಟ ಮಂದಿ ಬಗ್ಗೆ ಇದ್ರೆ ‘ಸ್ವಾ’, ರೊಕ್ಕದ ಲೆಕ್ಕ ಇದ್ರೆ ‘ಎ’. ಮುಂದಿನ ಸಂಚಿಕೆಯಲ್ಲಿ ‘ಪ್ರೆಸಾಂತ್’ ರೂಪ ಕಟ್ಟೋದು ನೋಡೋಣ. ಬರ್ತೀನ್ರಿ.