ಹೊರಡದ ಕಾಗದ

ಮನೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡಿರುವ ಗೃಹಸ್ಥರಲ್ಲಿ ಬಹುಮಂದಿಗೆ ಒಂದು ನಂಬಿಕೆಯುಂಟು: ತಮಗೆ ಇ-ಮೇಲ್ ಕಾಗದಗಳು ಬರುತ್ತಿರುವವರೆಗೆ, ತಾವು ಬರೆದ ಕಾಗದಗಳೂ ತಪ್ಪದೆ ಹೋಗುತ್ತಿರುವುವೆಂದು. ನಾನೂ ಹಾಗೆಯೇ ನಂಬಿದ್ದೆನು. ಆ ನಂಬಿಕೆಯಿಂದ ಒಡಹುಟ್ಟಿದ ತಮ್ಮನನ್ನೇ ಕಳೆದುಕೊಳ್ಳುವ ಹೊತ್ತು ಬಂದಿತ್ತಾದುದರಿಂದ, ಆ ಸಂಗತಿಯನ್ನೂ ಅದರ ಪರಿಹಾರವನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿತು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ; 34 ವರ್ಷ ಹುಡುಗರಿಗೆ ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದ ಉಪಾಧ್ಯಾಯನು. ಆದರೂ, ದೋಷವು ಎಲ್ಲಿಯದೇ ಆಗಲಿ, ಅದರ ಕಾರಣವನ್ನು ಹುಡುಕುವ ಕ್ರಮವು ಒಂದೇ ಎಂಬುದನ್ನು ಈ ಪ್ರಸಂಗದಿಂದ ತಿಳಿದುಕೊಂಡೆನು.

ನಮ್ಮ ವಾಸವು ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ. ತಮ್ಮನಿರುವುದು ಮುಂಬಯಿಯಲ್ಲಿ. ತಾಯಿ ತೀರಿಕೊಂಡ ಮೇಲೆ ಊರ ಮನೆಯ ಪಾಲಿನ ವಿಷಯವಾಗಿ ನಮ್ಮಿಬ್ಬರೊಳಗೆ ಮಾತು ನಿಂತು ಆರು ವರ್ಷಗಳಾಗಿದ್ದುವು. ಜಗಳವಾಗಲಿ ವ್ಯಾಜ್ಯವಾಗಲಿ ಇರಲಿಲ್ಲ; ಬರಿಯ ಮೌನ. ಹೀಗಿರಲು ಒಂದು ದಿನ ಅವನಿಂದ ಇ-ಮೇಲ್ ಬಂದಿತು. “ಅಣ್ಣ, ಈ ವರ್ಷ ಅಮ್ಮನ ತಿಥಿಯನ್ನು ಇಬ್ಬರೂ ಸೇರಿ ಊರ ಮನೆಯಲ್ಲೇ ಮಾಡೋಣವೆ? ನೀನು ಹ್ಞೂ ಎಂದರೆ ರೈಲಿಗೆ ಟಿಕೆಟ್ ತೆಗೆಸುತ್ತೇನೆ” ಎಂದಿಷ್ಟೇ ಒಕ್ಕಣೆ. ಓದಿ ನನ್ನ ಕಣ್ಣು ತುಂಬಿತು. ಆ ಗಳಿಗೆಯಲ್ಲೇ, “ಅವಶ್ಯ ಬಾ, ಮಕ್ಕಳನ್ನೂ ಕರೆದುಕೊಂಡು ಬಾ” ಎಂದು ನಾಲ್ಕು ಸಾಲು ಬರೆದು, ಕಳುಹಿಸುವ ಗುಂಡಿಯನ್ನೊತ್ತಿ ನಿಶ್ಚಿಂತನಾದೆನು.

ಒಂಬತ್ತು ದಿನಗಳಾದ ಮೇಲೆ ಅವನ ಎರಡನೆಯ ಕಾಗದ ಬಂದಿತು. “ಅಣ್ಣ, ನಿನ್ನ ಮೌನವೇ ಉತ್ತರವೆಂದು ತಿಳಿದೆ. ಇನ್ನು ತೊಂದರೆ ಕೊಡುವುದಿಲ್ಲ.”

ನಾನು ದಿಗ್ಭ್ರಾಂತನಾದೆನು. ಫೋನು ಮಾಡಬಾರದಿತ್ತೆ ಎಂದು ವಾಚಕರು ಕೇಳಬಹುದು. ಆರು ವರ್ಷ ಮಾತನಾಡದವರಿಗೆ ಬರೆಯುವುದು ಸುಲಭ, ಕರೆಯುವುದು ಕಷ್ಟ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾಳೆ. ಅವಳನ್ನು ಕರೆದು ತೋರಿಸಿದೆನು. ಅವಳು ಎಡಬದಿಯ ಪಟ್ಟಿಯಲ್ಲಿ ಔಟ್‌ಬಾಕ್ಸ್ ಎಂಬುದನ್ನು ತೆರೆದು, “ಮೇಷ್ಟ್ರೇ, ಇದು ಹೋಗಿಯೇ ಇಲ್ಲ. ಇಲ್ಲೇ ಕೂತಿದೆ, ನೋಡಿ” ಎಂದಳು. ನೋಡಿದರೆ ತಮ್ಮನಿಗೆ ಬರೆದದ್ದೂ ಸೇರಿ ಐದು ಕಾಗದಗಳು ಅಲ್ಲಿ ಬಿದ್ದಿದ್ದುವು. ಈ ಒಂಬತ್ತು ದಿನಗಳಲ್ಲಿ ಬ್ಯಾಂಕಿನ ತಿಳಿವಳಿಕೆ, ವಿದ್ಯುತ್ತಿನ ಬಿಲ್ಲು, ಹಳೆಯ ಶಿಷ್ಯರ ಕಾಗದ ಎಲ್ಲವೂ ನಿರಾತಂಕವಾಗಿ ಬಂದಿದ್ದುದರಿಂದ ನನಗೆ ಸಂಶಯವೇ ಹುಟ್ಟಿರಲಿಲ್ಲ. ಪರದೆಯ ಕೆಳಗೆ ಸಣ್ಣದೊಂದು ಎಚ್ಚರಿಕೆ ದಿನವೂ ಕಾಣಿಸುತ್ತಿತ್ತಂತೆ. ಅದನ್ನು ನಾನು ಓದಿರಲಿಲ್ಲ.

ಮೊದಲು ನನಗೆ ಕೋಪ ಬಂದದ್ದು ರಸ್ತೆ ಅಗೆಯುವವರ ಮೇಲೆ. ಆ ವಾರ ನಮ್ಮ ಬೀದಿಯನ್ನು ಅಗೆದಿದ್ದರು; ತಂತಿ ಕಡಿದಿರಬೇಕೆಂದುಕೊಂಡೆನು. ಆದರೆ ತಂತಿ ಕಡಿದಿದ್ದರೆ ಕಾಗದಗಳು ಒಳಗೆ ಬರುವುದೆಂತು? ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂದು ಕಾಕತಾಳೀಯ ನ್ಯಾಯವನ್ನು ಹುಡುಗರಿಗೆ ಎಷ್ಟು ಸಲ ಹೇಳಿಲ್ಲ! ಅದೇ ವಾರದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು: ನಮ್ಮ ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರದ ಸಮಸ್ತ ವ್ಯವಹಾರವನ್ನೂ ನಡೆಯಿಸುವ ಮೂಲವ್ಯವಸ್ಥೆ, ಹೊಸದಕ್ಕೆ ಏರಿತ್ತು. ಕಾರಣವು ಅದೋ, ಇದೋ, ಮತ್ತೊಂದೋ? ಇದನ್ನು ನಿಶ್ಚಯಿಸುವುದಕ್ಕೆ ನಮ್ಮ ಶಾಸ್ತ್ರಕಾರರು ಹೇಳಿದ ಅನ್ವಯ-ವ್ಯತಿರೇಕಗಳೇ ಸಾಧನ. ಯಾವುದಿದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷವೂ ಹೋಗುವುದೋ, ಅದೇ ಕಾರಣ. ಆದುದರಿಂದ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡತಕ್ಕದ್ದು.

ಆ ಹುಡುಗಿ ಮಾಡಿದ ಮೊದಲ ಪರೀಕ್ಷೆಯೂ ಅದೇ. ಇ-ಮೇಲ್ ಕಾರ್ಯಕ್ರಮವನ್ನು ಬದಿಗಿಟ್ಟು, ಬ್ರೌಸರಿನಲ್ಲಿ ನನ್ನ ಖಾತೆಯನ್ನು ತೆರೆದು, ಅಲ್ಲಿಂದ ನನಗೇ ಒಂದು ಸಾಲು ಬರೆಯಿಸಿದಳು. ಅದು ಕೂಡಲೇ ಹೋಯಿತು, ಕೂಡಲೇ ಬಂದಿತು. ಆದಕಾರಣ ತಂತಿ ಸರಿ, ಖಾತೆ ಸರಿ, ಗುಪ್ತಪದವೂ ಸರಿ. ಉಳಿದದ್ದು ನಮ್ಮ ಯಂತ್ರದೊಳಗಿನ ಕಾರ್ಯಕ್ರಮ. ನಾನು ಒಡನೆಯೇ ಅದರ ಕಾರಣವನ್ನು ಹುಡುಕಲು ಕುಳಿತೆನು. ಅಷ್ಟರಲ್ಲಿ ನನ್ನ ಹೆಂಡತಿ, “ಕಾರಣ ಆಮೇಲೆ ಹುಡುಕುವಿರಂತೆ. ಮೊದಲು ಮೈದುನನಿಗೆ ವಿಷಯ ಮುಟ್ಟಿಸಿ” ಎಂದಳು. ಅದು ವಿವೇಕದ ಮಾತು. ಬ್ರೌಸರಿನಿಂದಲೇ, “ನಿನಗೆ ಅಂದೇ ಉತ್ತರ ಬರೆದಿದ್ದೆ, ಯಂತ್ರದ ದೋಷದಿಂದ ಹೋಗಲಿಲ್ಲ, ದಯವಿಟ್ಟು ಬಾ” ಎಂದು ಬರೆದೆನು. ಆ ರಾತ್ರಿ ಉತ್ತರ ಬರಲಿಲ್ಲ. ಯಂತ್ರದ ಮೇಲೆ ತಪ್ಪು ಹೊರಿಸುವುದು ಈ ಕಾಲದಲ್ಲಿ ಎಲ್ಲರೂ ಹೇಳುವ ನೆಪವೆಂಬುದು ನನಗೂ ಗೊತ್ತಿದ್ದುದರಿಂದ, ನಿದ್ರೆಯೂ ಬರಲಿಲ್ಲ.

ಬರುವ ಕಾಗದಕ್ಕೂ ಹೋಗುವ ಕಾಗದಕ್ಕೂ ದಾರಿ ಬೇರೆಯೇಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಂದ ಕಾಗದಗಳನ್ನು ನಮ್ಮ ಯಂತ್ರಕ್ಕೆ ತರುವ ಕ್ರಮಗಳಿಗೆ ಪಾಪ್ ಎಂದೂ ಐಮ್ಯಾಪ್ ಎಂದೂ ಹೆಸರು. ನಮ್ಮ ಕಾಗದಗಳನ್ನು ಹೊರಗೆ ಸಾಗಿಸುವ ಕ್ರಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಯಂತ್ರಜ್ಞರು ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಕಾಗದವನ್ನು ಕಳುಹಿಸಿದ್ದು 1971ರಲ್ಲಿ. ಎಸ್‌ಎಂಟಿಪಿಯ ನಿಯಮಗಳನ್ನು ಜಾನ್ ಪೋಸ್ಟಲ್ ಎಂಬವರು ಪ್ರಕಟಿಸಿದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ಕೆಲವರೇ ಪಂಡಿತರು, ಪರಸ್ಪರ ನಂಬಿಕೆಯುಳ್ಳವರು. ಆದುದರಿಂದ ಆ ನಿಯಮದಲ್ಲಿ ‘ನೀನು ಯಾರು?’ ಎಂಬ ಪ್ರಶ್ನೆಯೇ ಇರಲಿಲ್ಲ. ಬೀದಿಯ ಕೆಂಪು ಅಂಚೆಪೆಟ್ಟಿಗೆಯು ಕಾಗದ ಹಾಕುವವನ ಹೆಸರನ್ನು ಕೇಳುವುದೆ? ಅದೂ ಹಾಗೆಯೇ. ಭಾರತದಲ್ಲಿ ಇಂಟರ್‌ನೆಟ್ಟು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಆ ವೇಳೆಗೆ ಲೋಕದಲ್ಲಿ ಜಾಲವು ಸಾಮಾನ್ಯರ ಕೈಗೂ ಬಂದು, ಅವರೊಡನೆ ವಂಚಕರೂ ಬಂದು, ಬೇಡದ ಕಾಗದಗಳ ಪ್ರವಾಹವೇ ಹರಿಯತೊಡಗಿತು. ಆಗ ಹೊರದಾರಿಯಲ್ಲಿ ಕಟ್ಟೆಯನ್ನು ಕಟ್ಟಬೇಕಾಯಿತು. ಮನೆಯವರು ಕಾಗದ ಕೊಡುವುದಕ್ಕೆಂದು 587 ಎಂಬ ಪ್ರತ್ಯೇಕ ದ್ವಾರವು 1998ರಲ್ಲಿ ನಿಯಮಿತವಾಯಿತು. ಅಲ್ಲಿ ಗುರುತು ಹೇಳಿಕೊಳ್ಳುವ ವಿಧಾನವು 1999ರಲ್ಲಿ ನಿಯಮರೂಪವಾಗಿ ಬಂದಿತು.

ನಮ್ಮ ಊರಿನ ಹೆಸರೇ ಸುಂಕದ ಕಟ್ಟೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ವಾಚಕರಿಗೆಲ್ಲ ತಿಳಿದದ್ದೇ. ಹೊರದಾರಿಯ ಸುಂಕದವನಿಗೆ ನನ್ನ ತಮ್ಮನ ವಿಷಯ ಬೇಕಿಲ್ಲ. ಅವನು ಕೇಳುವುದು ಮೂರನ್ನೇ: ಯಾವ ಬಾಗಿಲಿಗೆ ಬಂದೆ, ಮುಚ್ಚಿದ ಗಾಡಿಯಲ್ಲಿ ಬಂದೆಯೋ, ನಿನ್ನ ರಹದಾರಿ ಎಲ್ಲಿ? ಈ ಮೂರಕ್ಕೂ ಉತ್ತರವನ್ನು ಕಾರ್ಯಕ್ರಮದಲ್ಲಿ ಒಮ್ಮೆ ಬರೆದಿಟ್ಟಿರುತ್ತೇವೆ. ನಮ್ಮಲ್ಲಿ ವ್ಯವಸ್ಥೆಯು ಹೊಸದಕ್ಕೆ ಏರುವಾಗ ಒಳದಾರಿಯ ಬರಹ ಉಳಿದು, ಹೊರದಾರಿಯ ಬರಹ ಅಳಿಸಿಹೋಗಿತ್ತು.

ಮಾರನೆಯ ಬೆಳಗ್ಗೆ ಹುಡುಗಿಯು ಕಾಲೇಜಿಗೆ ಹೋಗುವ ಮುನ್ನ ಖಾತೆಯ ‘ಸೆಟ್ಟಿಂಗ್ಸ್’ ತೆರೆದು ಹೊರಹೋಗುವ ಸರ್ವರಿನ ಪುಟವನ್ನು ತೋರಿಸಿದಳು. ದ್ವಾರದ ಸಂಖ್ಯೆ 25 ಎಂದಿತ್ತು. ಇದು ಸರ್ವರುಗಳು ತಮ್ಮತಮ್ಮೊಳಗೆ ವ್ಯವಹರಿಸುವ ಹಳೆಯ ದ್ವಾರ. ವಂಚಕರ ಹಾವಳಿಯಿಂದ ಮನೆಗಳ ಸಂಪರ್ಕದಲ್ಲಿ ಅನೇಕ ಕಡೆ ಇದನ್ನು ಮುಚ್ಚಿರುತ್ತಾರೆ. ಅದನ್ನು 587 ಎಂದು ತಿದ್ದಿ, ಗೂಢಲಿಪಿಯ ಜಾಗದಲ್ಲಿ ‘ಸ್ಟಾರ್ಟ್‌ಟಿಎಲ್‌ಎಸ್’ ಎಂಬುದನ್ನು ಆರಿಸಿದೆವು. ಕಾಗದ ಹೋಗಲಿಲ್ಲ, ಆದರೆ ದೋಷದ ಮಾತು ಬದಲಾಯಿತು. ಹಿಂದೆ ‘ಸಂಪರ್ಕ ಸಿಗಲಿಲ್ಲ’ ಎಂದಿದ್ದದ್ದು ಈಗ 530 ಎಂಬ ಸಂಖ್ಯೆಯೊಡನೆ ‘ಗುರುತು ಬೇಕು’ ಎಂದಾಯಿತು. ಅಂದರೆ ಗಾಡಿಯು ಕಟ್ಟೆಯವರೆಗೆ ಮುಟ್ಟಿತು, ರಹದಾರಿಯಿಲ್ಲವೆಂದು ನಿಂತಿತು! ದೋಷದ ಮಾತು ಬದಲಾಗುವುದೂ ಒಂದು ಪ್ರಗತಿಯೇ. ಆದುದರಿಂದ ಆ ಮಾತನ್ನೂ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು. ಬಳಿಕ ‘ಹೊರಹೋಗುವ ಸರ್ವರಿಗೆ ದೃಢೀಕರಣ ಬೇಕು’ ಎಂಬ ಸಾಲಿನ ಮುಂದೆ ಗುರುತು ಹಾಕಿ, ಹೆಸರಿನ ಜಾಗದಲ್ಲಿ ಪೂರ್ತಿ ಇ-ಮೇಲ್ ವಿಳಾಸವನ್ನು ಬರೆದು, ಗುಪ್ತಪದವನ್ನು ಕೊಟ್ಟೆವು. ಔಟ್‌ಬಾಕ್ಸಿನಲ್ಲಿದ್ದ ಐದು ಕಾಗದಗಳೂ ಒಂದರ ಹಿಂದೊಂದು ಹೊರಟುಹೋದುವು.

ಎಲ್ಲರ ಮನೆಯ ದೋಷವೂ ಇದೇ ಆಗಿರಬೇಕೆಂದಿಲ್ಲ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ, ಅನೇಕ ಮನೆಗಳಲ್ಲಿ ಹೊಸದಕ್ಕೆ ಏರುವ ಕೆಲಸ ಬಿದ್ದಿದೆ. ಅಂಥವರ ಉಪಯೋಗಕ್ಕಾಗಿ ಬೇರೆ ಸಾಮಾನ್ಯ ಕಾರಣಗಳನ್ನೂ ಹೇಳುವೆನು.

ಮೊದಲನೆಯದು, ಭಾರವಾದ ಕಾಗದ. ಚಿತ್ರಗಳನ್ನು ಲಗತ್ತಿಸಿದ ದೊಡ್ಡ ಕಾಗದವೊಂದು ಮುಂದೆ ಸಿಕ್ಕಿಕೊಂಡರೆ ಹಿಂದಿನವೂ ನಿಲ್ಲಬಹುದು. ಲಗತ್ತುಗಳು ಸಾಗುವಾಗ ಸುಮಾರು ಮೂರನೆಯ ಒಂದು ಪಾಲು ಹಿಗ್ಗುತ್ತವೆ. ಜಿಮೇಲಿನಲ್ಲಿ ಮಿತಿ 25 ಮೆಗಾಬೈಟ್. ಅದನ್ನು ತೆಗೆದಿಟ್ಟು, ಲಗತ್ತಿಲ್ಲದ ಒಂದು ಸಾಲನ್ನು ಕಳುಹಿಸಿ ನೋಡಿರಿ.

ಎರಡನೆಯದು, ಗಡಿಯಾರ. ಯಂತ್ರದ ತಾರೀಖು ತಪ್ಪಿದ್ದರೆ ಸರ್ವರಿನ ಪ್ರಮಾಣಪತ್ರವು ಕಾಲಮೀರಿದಂತೆ ತೋರಿ, ಗೂಢಲಿಪಿಯ ಸಂಪರ್ಕವೇ ನಡೆಯದು. ತಾರೀಖನ್ನು ತಿದ್ದಿದರೆ ಸಾಕು.

ಮೂರನೆಯದು, ಹಳೆಯ ರೀತಿಯ ಗುಪ್ತಪದ. ಬರಿಯ ಗುಪ್ತಪದದಿಂದ ಹೊರಗಿನ ಕಾರ್ಯಕ್ರಮಗಳು ಪ್ರವೇಶಿಸುವುದನ್ನು ಗೂಗಲ್ ಸಂಸ್ಥೆಯು ಸಾಮಾನ್ಯ ಖಾತೆಗಳಲ್ಲಿ 2022ರ ಮೇ 30ರಿಂದಲೂ, ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಔಟ್‌ಲುಕ್ ಡಾಟ್ ಕಾಂ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದಲೂ ನಿಲ್ಲಿಸಿದುವು. 535 ಎಂಬ ಸಂಖ್ಯೆ ಕಾಣಿಸಿಕೊಂಡರೆ ಗುರುತನ್ನು ಒಪ್ಪಲಿಲ್ಲವೆಂದು ಅರ್ಥ. ಆಗ ಖಾತೆಯನ್ನು ಕಾರ್ಯಕ್ರಮದಿಂದ ತೆಗೆದು ಮತ್ತೆ ಸೇರಿಸಿ, ಆ ಸಂಸ್ಥೆಯದೇ ಪ್ರವೇಶದ ಕಿಟಕಿಯಲ್ಲಿ ಒಪ್ಪಿಗೆ ಕೊಡಬೇಕು. ಕಾರ್ಯಕ್ರಮವು ಹಳೆಯದಾಗಿ ಆ ಕಿಟಕಿಯನ್ನು ತೆರೆಯದಿದ್ದರೆ, ಜಿಮೇಲಿನವರು ಎರಡು ಹಂತದ ಪರಿಶೀಲನೆಯನ್ನು ಇಟ್ಟುಕೊಂಡು 16 ಅಕ್ಷರಗಳ ಆ್ಯಪ್ ಪಾಸ್‌ವರ್ಡನ್ನು ಪಡೆಯಬಹುದು. ಒಂದು ಎಚ್ಚರಿಕೆ: ಪಾಪ್ ಕ್ರಮದಲ್ಲಿ ಹಳೆಯ ಕಾಗದಗಳು ನಿಮ್ಮ ಯಂತ್ರದಲ್ಲಿ ಮಾತ್ರವೇ ಇರಬಹುದಾದುದರಿಂದ, ಪ್ರತಿ ಮಾಡಿಕೊಳ್ಳದೆ ಖಾತೆಯನ್ನು ತೆಗೆಯಕೂಡದು.

ನಾಲ್ಕನೆಯದು, ಕಾವಲುಗಾರ. ಯಂತ್ರದ ಆ್ಯಂಟಿವೈರಸ್ ಕಾರ್ಯಕ್ರಮವು ಏರಿಕೆಯ ನಂತರ ಹೊರಹೋಗುವ ಕಾಗದಗಳನ್ನು ತಡೆಯುವುದುಂಟು. ಅದರ ಇ-ಮೇಲ್ ತಪಾಸಣೆಯೊಂದನ್ನೇ ಐದು ನಿಮಿಷ ನಿಲ್ಲಿಸಿ ಪರೀಕ್ಷಿಸಿ, ಮತ್ತೆ ಹಚ್ಚಿಬಿಡಿರಿ. ಐದನೆಯದು, ಏರಿಕೆಯಲ್ಲಿ ಕೆಟ್ಟ ಕಡತಗಳು. 2015ರಲ್ಲಿ ವಿಂಡೋಸ್ 10ಕ್ಕೆ ಏರಿದ ಕೆಲವರಿಗೆ ಔಟ್‌ಲುಕ್ಕಿನಿಂದ ಕಾಗದ ಹೊರಡದೆ, ಆ ವ್ಯವಸ್ಥೆಯಲ್ಲೇ ಇರುವ ಸಿಸ್ಟಂ ಫೈಲ್ ಚೆಕರ್ ಎಂಬ ಸಾಧನದಿಂದ ಕಡತಗಳನ್ನು ಸರಿಪಡಿಸಿದ ಮೇಲೆ ಹೊರಟುವು. ಇನ್ನು, ಕಾರ್ಯಕ್ರಮಕ್ಕೇ ಆಯುಷ್ಯ ಮುಗಿದಿದ್ದರೆ ಚಿಕಿತ್ಸೆಯಿಲ್ಲ. ವಿಂಡೋಸಿನೊಡನೆ ಬರುತ್ತಿದ್ದ ‘ಮೇಲ್’ ಎಂಬ ಕಾರ್ಯಕ್ರಮದ ಬೆಂಬಲವು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದನ್ನು ತಿದ್ದುತ್ತ ಕೂರದೆ ಬೇರೊಂದನ್ನು ಆಶ್ರಯಿಸುವುದೇ ಲೇಸು.

ಇಷ್ಟೆಲ್ಲಾ ಮಾಡುವಾಗ ಸಹಾಯಕ್ಕೆಂದು ಜಾಲದಲ್ಲಿ ಕಂಡ ಯಾವುದೋ ಫೋನ್ ಸಂಖ್ಯೆಗೆ ಕರೆಮಾಡಬೇಡಿರಿ. ‘ನಿಮ್ಮ ಯಂತ್ರವನ್ನು ದೂರದಿಂದಲೇ ಸರಿಮಾಡುತ್ತೇವೆ’ ಎಂದು ಒಳಹೊಕ್ಕು ಬ್ಯಾಂಕಿನ ಹಣವನ್ನು ದೋಚುವವರಿದ್ದಾರೆ. ಗುಪ್ತಪದವನ್ನಾಗಲಿ ಓಟಿಪಿಯನ್ನಾಗಲಿ ಯಾರಿಗೂ ಹೇಳಕೂಡದು. ಮೋಸಹೋದರೆ ತತ್‌ಕ್ಷಣ 1930ಕ್ಕೆ ದೂರು ಕೊಡತಕ್ಕದ್ದು.

ಅಂದು ಐದು ಕಾಗದಗಳು ಹೊರಟ ಮೇಲೆ ಒಂದು ಗಂಟೆಯಾಗಿರಬಹುದು; ನನ್ನ ಫೋನು ಹೊಡೆದುಕೊಂಡಿತು. ಆರು ವರ್ಷಗಳ ಮೇಲೆ ಕೇಳಿದ ಸ್ವರ. “ಅಣ್ಣ, ನಿನ್ನೆಯ ಕಾಗದ ನೋಡಿ ನೆಪ ಹೇಳುತ್ತಿದ್ದೀಯೆ ಅಂದುಕೊಂಡೆ. ಈಗ ನಿನ್ನ ಹಳೆಯ ಕಾಗದ ಬಂತು. ತಾರೀಖು ನೋಡಿದೆ. ನಾನು ಬರೆದ ದಿನವೇ ಬರೆದಿದ್ದೀಯೆ.” ಮುಂದೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆ ವರ್ಷ ತಾಯಿಯ ತಿಥಿಯು ಊರ ಮನೆಯಲ್ಲೇ ನಡೆಯಿತು. ಪಾಲಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಈಗ ಆ ಮಾತನ್ನು ಆಡುತ್ತಿದ್ದೇವೆ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ವ್ಯವಸ್ಥೆಯನ್ನು ಏರಿಸುವ ಮುನ್ನ ಹೊರಹೋಗುವ ಸರ್ವರಿನ ಹೆಸರು, ದ್ವಾರದ ಸಂಖ್ಯೆ, ಗೂಢಲಿಪಿಯ ಬಗೆ ಇವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಬೇಡಿರಿ. ಏರಿಸಿದ ದಿನವೇ ನಿಮಗೆ ನೀವೇ ಒಂದು ಕಾಗದ ಕಳುಹಿಸಿ, ಅದು ಬಂದು ಮುಟ್ಟಿತೇ ನೋಡಿರಿ. ಮತ್ತು ಹತ್ತಿರದವರೊಬ್ಬರು ಉತ್ತರ ಕೊಡಲಿಲ್ಲವೆಂದು ಮನಸ್ಸು ಮುರಿದುಕೊಳ್ಳುವ ಮುನ್ನ, ಅವರ ಕಾಗದವೂ ಎಲ್ಲಿಯೋ ಒಂದು ಕಟ್ಟೆಯಲ್ಲಿ ನಿಂತಿರಬಹುದೆಂದು ಒಂದು ಸಲ ವಿಚಾರಿಸಿರಿ.